ಕೆಮ್ಮಣ್ಣುಗುಂಡಿ: ಹೂದೋಟದ ಮಗ್ಗುಲಲ್ಲೊಂದು ಗಣಿ



ಕೆಮ್ಮಣ್ಣುಗುಂಡಿಗೆ ಶೈಕ್ಷಣಿಕ ಪ್ರವಾಸ ಹೋಗಿಬಂದವರನ್ನು ‘ಏನೇನು ನೋಡಿದಿರಿ?’ ಎಂದು ಕೇಳಿದರೆ ಉತ್ತರ ಸಾಮಾನ್ಯವಾಗಿ ಒಂದೇ: ಗುಲಾಬಿ ತೋಟ, ರಾಜಭವನದ ಮುಂದಿನಿಂದ ಕಾಣುವ ಕಣಿವೆ, ಝಡ್ ಪಾಯಿಂಟ್, ಹೆಬ್ಬೆ ಜಲಪಾತ, ಬೆಳಗಿನ ಮಂಜು. ಇವೆಲ್ಲ ನೋಡತಕ್ಕವೇ. ಆದರೆ ಊರಿನ ಹೆಸರಿನಲ್ಲೇ ಇರುವ ಗುಂಡಿಯನ್ನು ನೋಡಿದೆವೆಂದು ಹೇಳುವವರು ಅಪರೂಪ. ಸಮುದ್ರಮಟ್ಟದಿಂದ ಸುಮಾರು 1434 ಮೀಟರ್ ಎತ್ತರದಲ್ಲಿರುವ ಈ ಬೆಟ್ಟವನ್ನು ನಮ್ಮ ಹಿರಿಯರು ‘ಗಿರಿ’ ಎನ್ನದೆ ‘ಗುಂಡಿ’ ಎಂದು ಕರೆದರು. ಕೆಂಪು ಮಣ್ಣಿನ ಗುಂಡಿಯೇ ಕೆಮ್ಮಣ್ಣುಗುಂಡಿ. ಇಲ್ಲಿಯ ಇತಿಹಾಸವನ್ನು ತಿಳಿಯಬೇಕಾದರೆ ಹೂವಿನ ಪಾತಿಯಿಂದಲ್ಲ, ಆ ಕೆಂಪು ಮಣ್ಣಿನಿಂದಲೇ ಆರಂಭಿಸಬೇಕು.

ಮಣ್ಣು ಕೆಂಪಾಗಿರುವುದಕ್ಕೆ ಕಾರಣ ಅದರಲ್ಲಿರುವ ಕಬ್ಬಿಣ. ಮಳೆಗಾಲದಲ್ಲಿ ಅಂಗಳದಲ್ಲಿ ಮರೆತ ಗುದ್ದಲಿಗೆ ತುಕ್ಕು ಹಿಡಿಯುವುದನ್ನು ನೀವು ಕಂಡಿದ್ದೀರಿ. ಅದೇ ಕ್ರಿಯೆ ಈ ಬೆಟ್ಟದಲ್ಲಿ ಲಕ್ಷಾಂತರ ವರ್ಷಗಳಿಂದ ನಡೆದಿದೆ. ಕುದುರೆಯ ಲಾಳದಂತೆ ಬಾಗಿರುವ ಬಾಬಾಬುಡನ್ ಶ್ರೇಣಿಯ ಉತ್ತರದ ತೋಳಿನಲ್ಲಿ ಕೆಮ್ಮಣ್ಣುಗುಂಡಿ ಇದೆ. ಬಾಗಿದ ಆಕಾರದಿಂದಲೇ ಈ ಶ್ರೇಣಿಗೆ ಚಂದ್ರದ್ರೋಣ ಪರ್ವತವೆಂಬ ಹೆಸರೂ ಇದೆ. ಇಲ್ಲಿಯ ಶಿಲೆಗಳು 270 ಕೋಟಿ ವರ್ಷಗಳಿಗೂ ಹಳೆಯವು. ಭೂವಿಜ್ಞಾನದ ಪುಸ್ತಕಗಳಲ್ಲಿ ‘ಬಾಬಾಬುಡನ್ ಶಿಲಾ ಸಮೂಹ’ ಎಂಬ ಹೆಸರೇ ಉಂಟು. ಕಬ್ಬಿಣದ ಪದರ, ಬೆಣಚುಕಲ್ಲಿನ ಪದರ, ಮತ್ತೆ ಕಬ್ಬಿಣದ ಪದರ, ಹೀಗೆ ಜಮಖಾನದ ಪಟ್ಟೆಗಳಂತೆ ಜೋಡಿಸಿಟ್ಟ ಕಲ್ಲು. ರಸ್ತೆಗಾಗಿ ಗುಡ್ಡ ಕಡಿದ ಕಡೆ ಒಂದು ತುಂಡು ಸಿಕ್ಕಿದರೆ ಕೈಯಲ್ಲಿ ಹಿಡಿದು ನೋಡಿ. ಕಣ್ಣಿಗೆ ಸಣ್ಣದು, ಕೈಗೆ ಭಾರ.

ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಆರಂಭವಾದದ್ದು 1894ರಲ್ಲಿ. ರಾಜ್ಯದ ಬೆಟ್ಟಗುಡ್ಡಗಳಲ್ಲಿ ಏನಿದೆಯೆಂದು ಶಾಸ್ತ್ರೀಯವಾಗಿ ಲೆಕ್ಕ ಹಾಕುವ ಕೆಲಸ ಅಲ್ಲಿಂದ ಮೊದಲಾಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಮುಂದೆ ಇದ್ದ ಪ್ರಶ್ನೆ ಇದು: ಅದಿರೇನೋ ಇದೆ, ಆದರೆ ಕಲ್ಲಿದ್ದಲಿಲ್ಲ. ಕಬ್ಬಿಣ ಕರಗಿಸುವುದು ಹೇಗೆ? ಬಂಗಾಳ, ಬಿಹಾರಗಳ ಕಲ್ಲಿದ್ದಲನ್ನು ಮಲೆನಾಡಿಗೆ ತರಿಸಿದರೆ ಕಬ್ಬಿಣಕ್ಕಿಂತ ಸಾಗಣೆಯೇ ದುಬಾರಿ. ಇದಕ್ಕೆ ದೊರೆತ ಉತ್ತರವೆಂದರೆ ಮಲೆನಾಡಿನ ಕಾಡು. ಸೌದೆ ಸುಟ್ಟು ಇದ್ದಿಲು ಮಾಡುವುದು, ಆ ಇದ್ದಿಲಿನಿಂದ ಊದುಕುಲುಮೆ ನಡೆಸುವುದು. ಅಮೆರಿಕದ ತಜ್ಞ ಸಿ. ಪಿ. ಪೆರಿನ್ ಅವರ ಸಲಹೆ ಪಡೆದು, ಭದ್ರಾ ನದಿಯ ದಡದ ಬೆಂಕಿಪುರದಲ್ಲಿ ಕಾರ್ಖಾನೆ ಕಟ್ಟುವ ಕೆಲಸ ಆರಂಭವಾಯಿತು. ಆ ಬೆಂಕಿಪುರವೇ ಇಂದಿನ ಭದ್ರಾವತಿ. ಕುಲುಮೆ ಬಂದದ್ದರಿಂದ ಬೆಂಕಿಪುರವಾಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಹೆಸರು ಕುಲುಮೆಗಿಂತ ಬಹಳ ಹಳೆಯದು.

1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಅದಕ್ಕೆ ಬೇಕಾದ ಅದಿರು ಕೆಮ್ಮಣ್ಣುಗುಂಡಿಯಿಂದ ಹೋಗಬೇಕಿತ್ತು. ಹೇಗೆ ಹೋಯಿತು ಎಂಬುದು ಇಡೀ ಕಥೆಯಲ್ಲಿ ನನಗೆ ಬಹಳ ಪ್ರಿಯವಾದ ಭಾಗ. ಬೆಟ್ಟದ ಮೇಲೆ ಅಗೆದ ಅದಿರನ್ನು ಕಬ್ಬಿಣದ ತೊಟ್ಟಿಗಳಿಗೆ ತುಂಬಿ, ಗಟ್ಟಿ ಉಕ್ಕಿನ ಹಗ್ಗಕ್ಕೆ ತೂಗುಹಾಕಿ, ಕಾಡಿನ ನೆತ್ತಿಯ ಮೇಲೆ ಕೆಳಗಿನ ತಣಿಗೆಬೈಲಿಗೆ ಇಳಿಸುತ್ತಿದ್ದರು. ಜನ ಇದನ್ನು ‘ರೋಪ್‌ವೇ’ ಎಂದೇ ಕರೆದರು. ಇಂಥ ಹಗ್ಗದ ಹಾದಿಯ ಜಾಣತನವನ್ನು ಗಮನಿಸಿ: ತುಂಬಿದ ತೊಟ್ಟಿ ತನ್ನ ಭಾರದಿಂದ ಕೆಳಗಿಳಿಯುವಾಗ ಅದೇ ಹಗ್ಗ ಖಾಲಿ ತೊಟ್ಟಿಯನ್ನು ಮೇಲಕ್ಕೆ ಎಳೆಯುತ್ತದೆ. ಬಾವಿಯ ರಾಟೆ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಣಿಗೆಬೈಲಿನಿಂದ ಮುಂದೆ ಕಿರಿದಾದ ಹಳಿಯ ಟ್ರಾಮ್ ಗಾಡಿ, ಅದರಲ್ಲಿ ಭದ್ರಾವತಿ.

ಕುಲುಮೆಯ ಬಾಯಿಗೆ ಅದಿರು, ಇದ್ದಿಲು, ಸುಣ್ಣಕಲ್ಲು ಮೂರನ್ನೂ ಹಾಕುತ್ತಿದ್ದರು. ಕೆಳಗಿನಿಂದ ಬಿಸಿಗಾಳಿ ಊದಿದಾಗ ಇದ್ದಿಲು ಉರಿದು ಅದಿರಿನಲ್ಲಿರುವ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ. ಉಳಿದ ಕಬ್ಬಿಣ ಕರಗಿ ತಳಕ್ಕೆ ಇಳಿಯುತ್ತದೆ. ಸುಣ್ಣಕಲ್ಲು ಕಸರನ್ನು ಹಿಡಿದು ಕಿಟ್ಟವಾಗಿ ಮೇಲೆ ತೇಲುತ್ತದೆ. ಸೌದೆಯನ್ನು ಗಾಳಿ ಸೋಕದಂತೆ ಕಾಯಿಸಿ ಇದ್ದಿಲು ಮಾಡುವಾಗ ಹೊರಡುವ ಹೊಗೆಯನ್ನೂ ಭದ್ರಾವತಿಯಲ್ಲಿ ಬಿಡಲಿಲ್ಲ. ಅದನ್ನು ತಣಿಸಿ ಮರದ ಮದ್ಯಸಾರ, ಡಾಂಬರು ಮುಂತಾದವನ್ನು ತೆಗೆದು ಮಾರಿದರು.

ಆದರೂ ಮೊದಲ ವರ್ಷಗಳು ಕಷ್ಟದವು. ಮಹಾಯುದ್ಧದ ಕಾಲಕ್ಕೆ ಏರಿದ್ದ ಕಬ್ಬಿಣದ ಬೆಲೆ ಕಾರ್ಖಾನೆ ಸಿದ್ಧವಾಗುವಷ್ಟರಲ್ಲಿ ಕುಸಿದಿತ್ತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಮತ್ತೆ ಕರೆದು 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು. ಅವರು 1929ರವರೆಗೆ ಆ ಭಾರ ಹೊತ್ತರು. ವಿದೇಶಿ ತಜ್ಞರ ಜಾಗಕ್ಕೆ ನಮ್ಮ ಯುವಕರನ್ನು ತರಬೇತಿ ಕೊಟ್ಟು ತಂದರು. ತಮಗೆ ಬರಬೇಕಾಗಿದ್ದ ಸಂಭಾವನೆಯನ್ನು ವೃತ್ತಿಶಿಕ್ಷಣಕ್ಕೆ ಬಿಟ್ಟುಕೊಟ್ಟರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಓದುವವರು ಈ ಲೇಖನ ನೋಡುತ್ತಿದ್ದರೆ, ನಿಮ್ಮ ಸಂಸ್ಥೆಯ ಮೂಲದಲ್ಲಿ ಭದ್ರಾವತಿಯ ಕಬ್ಬಿಣವಿದೆ ಎಂದು ತಿಳಿಯಿರಿ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಕಾರ್ಖಾನೆಯ ಕೀರ್ತಿಯನ್ನು ನಮ್ಮ ಪಠ್ಯಪುಸ್ತಕಗಳು ಹೇಳುತ್ತವೆ. ಅದು ಉರಿಸಿದ ಕಾಡಿನ ಲೆಕ್ಕವನ್ನು ಅಷ್ಟಾಗಿ ಹೇಳುವುದಿಲ್ಲ. ಸುಮಾರು ಮೂವತ್ತು ವರ್ಷ ಕುಲುಮೆಯ ಮುಖ್ಯ ಆಹಾರ ಮಲೆನಾಡಿನ ಮರಗಳೇ. ಜೋಗದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದ ಮೇಲೆ, 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಇದ್ದಿಲಿನ ಹಸಿವು ತಗ್ಗುತ್ತ ಬಂತು. ಇದನ್ನು ದೂರಾಗಿ ಹೇಳುತ್ತಿಲ್ಲ. ಅಂದಿನವರ ಮುಂದೆ ಬೇರೆ ಉರುವಲಿರಲಿಲ್ಲ. ಆದರೆ ಲೆಕ್ಕ ಬರೆಯುವಾಗ ಜಮಾ, ಖರ್ಚು ಎರಡೂ ಬದಿ ಬರೆಯಬೇಕು.

ಇನ್ನು ಹೂದೋಟಕ್ಕೆ ಬರೋಣ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯ ವಿಶ್ರಾಂತಿಗೆ ಆರಿಸಿಕೊಂಡ ಬೆಟ್ಟವಾದ್ದರಿಂದ ಇದಕ್ಕೆ ಶ್ರೀ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಹೆಸರು ಬಂದಿತು. ಮುಂದೆ ಅದು ಸರ್ಕಾರಕ್ಕೆ ಸೇರಿ ತೋಟಗಾರಿಕೆ ಇಲಾಖೆಯ ಕೈಗೆ ಬಂದಿತು. ಗಮನಿಸಿ: ಒಂದೇ ಬೆಟ್ಟದಲ್ಲಿ ಒಂದು ಬದಿ ಅರಸರ ವಿಶ್ರಾಂತಿ, ಇನ್ನೊಂದು ಬದಿ ಹಾರೆ ಗುದ್ದಲಿಗಳ ದುಡಿಮೆ. ಎರಡೂ ಒಬ್ಬರೇ ಮಹಾರಾಜರ ಕಾಲದವು. ವಿಶ್ರಾಂತಿಯ ಬದಿಗೆ ನಾಮಫಲಕಗಳಿವೆ. ಅದಿರಿನ ಗಣಿಗಾರಿಕೆ ಇಲ್ಲಿ ನಿಂತುಹೋಗಿದೆ. ಕಡಿದ ಗುಡ್ಡದ ಗಾಯಗಳ ಮೇಲೆ ಹುಲ್ಲು, ಪೊದೆ ಹಬ್ಬಿವೆ. ಎರಡನೆಯ ಬದಿಯನ್ನು ನೋಡಬೇಕಾದರೆ ತಿಳಿದವರನ್ನು ಕೇಳಿಯೇ ನೋಡಬೇಕು.

ಜಲಪಾತಗಳ ವಿಷಯ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. ಹೆಬ್ಬೆ ಎರಡು ಹಂತವಾಗಿ ಬೀಳುತ್ತದೆ, ದೊಡ್ಡ ಹೆಬ್ಬೆ ಮತ್ತು ಚಿಕ್ಕ ಹೆಬ್ಬೆ. ಒಟ್ಟು ಎತ್ತರ ಸುಮಾರು 168 ಮೀಟರ್. ಜೀಪಿನಲ್ಲಿ ಹೋಗಿ ಕೊನೆಯ ಭಾಗ ನಡೆಯಬೇಕು. ಜಿಗಣೆಗೆ ಉಪ್ಪು ಮರೆಯಬೇಡಿ. ಲಿಂಗದಹಳ್ಳಿಯ ದಾರಿಯಲ್ಲಿರುವ ಕಲ್ಲತ್ತಿಗಿರಿಯಲ್ಲಿ ನೀರು ವೀರಭದ್ರನ ಗುಡಿಯ ಪಕ್ಕದಲ್ಲೇ ಧುಮುಕುತ್ತದೆ. ಗುಡಿ ವಿಜಯನಗರದ ಕಾಲದ್ದು.

ಹಿಂದಿರುಗುವಾಗ ತರೀಕೆರೆಯಲ್ಲಿ ಇಳಿದರೆ, ಅಲ್ಲಿಂದ ಹತ್ತಿರದ ಅಮೃತಾಪುರವನ್ನು ಬಿಡಬಾರದು. ತರೀಕೆರೆ ಎಂದೊಡನೆ ನಮಗೆ ನೆನಪಾಗುವುದು ಏರಿಯ ಮೇಲಿನ ಕುರಿಮರಿಗಳ, ನಾಲಿಗೆ ತೊಡರುವ ಆ ಮಾತು. ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ. ಮಂಟಪದ ಜಗಲಿ ಗೋಡೆಯ ಹೊರಮೈಯಲ್ಲಿ 140 ಫಲಕಗಳಿವೆ. ದಕ್ಷಿಣಕ್ಕೆ ರಾಮಾಯಣದ 70, ಉತ್ತರಕ್ಕೆ ಕೃಷ್ಣಕಥೆಯ 25 ಮತ್ತು ಮಹಾಭಾರತದ 45. ರಾಮಾಯಣದ ಕಥೆ ಮಾತ್ರ ರೂಢಿಗೆ ವಿರುದ್ಧವಾಗಿ ಅಪ್ರದಕ್ಷಿಣವಾಗಿ ಸಾಗುತ್ತದೆ. ಎಲ್ಲಿಂದ ಓದಬೇಕೆಂದು ತಿಳಿಯದೆ ಅನೇಕರು ಸೀತಾಪಹರಣಕ್ಕೆ ಮೊದಲೇ ಯುದ್ಧವನ್ನು ನೋಡಿಬಿಡುತ್ತಾರೆ! ರೂವಾರಿ ಮಲ್ಲಿತಮ್ಮ ತನ್ನ ಕೆಲಸ ಆರಂಭಿಸಿದ್ದು ಇಲ್ಲಿ. ಬಾಗಿಲ ಬಳಿಯ ದೊಡ್ಡ ಶಾಸನದಲ್ಲಿ ಕವಿ ಜನ್ನನ ಪದ್ಯಗಳಿವೆ.

ಎಂಟುನೂರು ವರ್ಷದ ಹಿಂದಿನ ಒಬ್ಬ ಕಲ್ಲುಕುಟಿಗನ ಹೆಸರು ನಮಗೆ ಗೊತ್ತಿದೆ. ನೂರು ವರ್ಷದ ಹಿಂದೆ ಕೆಮ್ಮಣ್ಣುಗುಂಡಿಯಲ್ಲಿ ಅದಿರು ಒಡೆದವರ ಹೆಸರನ್ನು ನಾವು ಯಾವ ಕಲ್ಲಿನಲ್ಲೂ ಓದುವುದಿಲ್ಲ. ಭದ್ರಾವತಿಯ ಕಾರ್ಖಾನೆಯೂ ಹಲವು ಕೈ ದಾಟಿತು. 1989ರಲ್ಲಿ ಅದು ಕೇಂದ್ರದ ಉಕ್ಕು ಪ್ರಾಧಿಕಾರದ ವಶಕ್ಕೆ ಹೋಯಿತು. ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷವಾದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು, ಅದೇ ವರ್ಷದ ಆಗಸ್ಟಿನಲ್ಲಿ ಕೆಲವು ಘಟಕಗಳಲ್ಲಿ ಕೆಲಸ ಮತ್ತೆ ಆರಂಭವಾಯಿತು.

ಆದ್ದರಿಂದ ಮುಂದಿನ ಪ್ರವಾಸಕ್ಕೆ ನನ್ನದೊಂದು ಸಲಹೆ. ಅದಿರು ಹೋದ ದಾರಿಯಲ್ಲೇ ಹೋಗಿ: ಬೆಳಿಗ್ಗೆ ಕೆಮ್ಮಣ್ಣುಗುಂಡಿ, ಮಧ್ಯಾಹ್ನ ತಣಿಗೆಬೈಲು, ಸಂಜೆಗೆ ಭದ್ರಾವತಿ. ತರೀಕೆರೆ, ಲಿಂಗದಹಳ್ಳಿ, ಲಕ್ಕವಳ್ಳಿ ಕಡೆಯ ವಿದ್ಯಾರ್ಥಿಗಳಿಗೆ ಇನ್ನೂ ಸುಲಭದ ಕೆಲಸವಿದೆ. ಮನೆಯಲ್ಲೋ ನೆರೆಯಲ್ಲೋ ಇರುವ ಅಜ್ಜ ಅಜ್ಜಿಯರ ಬಳಿ ಕುಳಿತು, ತಲೆಯ ಮೇಲೆ ತೊಟ್ಟಿಗಳು ಸಾಗುತ್ತಿದ್ದುದನ್ನು ಕಂಡಿದ್ದರೇ, ಗಣಿಯಲ್ಲಿ ಯಾರು ಯಾರು ದುಡಿದರು, ಟ್ರಾಮಿನ ಹಳಿ ಯಾರ ಗದ್ದೆಯ ಬದಿಯಲ್ಲಿ ಹೋಗುತ್ತಿತ್ತು ಎಂದು ಕೇಳಿ. ಅವರು ಹೇಳಿದ್ದನ್ನು ಹೆಸರು, ಊರು, ಇಸವಿಯೊಡನೆ ನೋಟ್‌ಬುಕ್ಕಿನಲ್ಲಿ ಬರೆದಿಡಿ.