ಶೇಕಡಾ 80ರ ಗೆರೆ

ತಂಬಾಕಿಗೆ ಹೆಸರಾದ ನಿಪ್ಪಾಣಿ ಸೀಮೆಯ ಊರು ಅಕ್ಕೋಳ. ಹೊಲದ ಕೂಲಿ ಎಂದರೆ ಕೈಕಾಲಿನ ದುಡಿಮೆ. ಕಾಲು ಸೋತ ಕೂಲಿಕಾರನಿಗೆ ಸರ್ಕಾರದಿಂದ ಏನು ದೊರೆಯಿತು?

ಬೆಳಗಾವಿ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗಲೇ, 1950ರಲ್ಲಿ, ಸಂವಿಧಾನದ 41ನೆಯ ವಿಧಿ ಅಂಗವಿಕಲರಿಗೆ ಸರ್ಕಾರಿ ನೆರವಿನ ಮಾತಾಡಿತು. ಬೊಕ್ಕಸದ ಶಕ್ತಿಗೆ ತಕ್ಕಂತೆ ಎಂಬ ಷರತ್ತೂ ಜೊತೆಗಿತ್ತು, ಅನ್ನಿ. 1995ರ ಕಾಯ್ದೆ ಶೇಕಡಾ 40ರಷ್ಟು ನ್ಯೂನತೆ ಇದ್ದವರನ್ನು ಅಂಗವಿಕಲರೆಂದು ಒಪ್ಪಿತು. ಆದರೆ 2009ರಲ್ಲಿ ಬಂದ ಕೇಂದ್ರದ ಪಿಂಚಣಿ, ಬಡತನ ರೇಖೆಯ ಕೆಳಗಿನವರಲ್ಲೂ ಶೇಕಡಾ 80 ಕೇಳಿತು! ಕೊಟ್ಟದ್ದು ತಿಂಗಳಿಗೆ 200 ರೂಪಾಯಿ, 2012ರಿಂದ 300.

ವೈದ್ಯರು ಶೇಕಡಾ 60 ಎಂದು ಬರೆದುಕೊಟ್ಟ ಕಾಲೂ ಹೊಲದಲ್ಲಿ ನಿಲ್ಲದು. ಅಂಥವರಿಗೆ ಆಸರೆ, ಶೇಕಡಾ 40ರಿಂದಲೇ ಆರಂಭವಾಗುವ ಕರ್ನಾಟಕದ ಮಾಸಾಶನ.