ಜೇಬಿನ ಚಾಕು, ಊರು ಬಿಡದ ಜನ

ಇವತ್ತು ಬೆಳಗ್ಗೆಯಿಂದ ನನ್ನ ಜೇಬಲ್ಲಿರೋ ಕೆಂಪು ಚಾಕು ಮೂರು ಕೆಲಸ ಮಾಡಿದೆ. ಹಾಲಿನ ಪ್ಯಾಕೆಟ್ ಕತ್ತರಿಸ್ತು, ಕೊರಿಯರ್ ಬಾಕ್ಸಿನ ಟೇಪ್ ಸೀಳ್ತು, ಕುಕ್ಕರ್ ಹಿಡಿಯ ಸ್ಕ್ರೂ ಬಿಗಿ ಮಾಡ್ತು. ಅದೇ, ಸ್ವಿಸ್ ಆರ್ಮಿ ನೈಫ್. ಇದರ ಕಥೆ ಯುದ್ಧದಿಂದ ಶುರುವಾಗೋದಲ್ಲ, ಕೆಲಸ ಸಿಗದ ಒಂದು ಊರಿಂದ.

1884. ಸ್ವಿಟ್ಜರ್ಲೆಂಡಿನ ಶ್ವಿಟ್ಸ್ ಪ್ರಾಂತ್ಯದ ಇಬಾಖ್. ಬಡತನದಿಂದ ಜನ ದೇಶ ಬಿಟ್ಟು ಹೋಗ್ತಿದ್ದ ಕಾಲ. ಕಾರ್ಲ್ ಎಲ್ಸೆನರ್ ಅನ್ನೋ ಯುವಕ ಅಲ್ಲಿ ಚಾಕು ಮಾಡುವ ಕಾರ್ಖಾನೆ ಶುರು ಮಾಡ್ದ. ಊರಲ್ಲೇ ನಾಲ್ಕು ಜನಕ್ಕೆ ಕೆಲಸ ಸಿಗ್ಲಿ ಅನ್ನೋದು ಅವನ ಆಸೆ.

ಆಗ ಸ್ವಿಸ್ ಸೈನ್ಯಕ್ಕೆ 1889ರ ಹೊಸ ಬಂದೂಕು ಬಂದಿತ್ತು. ಅದನ್ನ ಬಿಚ್ಚೋಕೆ ಸ್ಕ್ರೂಡ್ರೈವರ್ ಬೇಕು, ಊಟದ ಡಬ್ಬ ತೆರೆಯೋಕೆ ಓಪನರ್ ಬೇಕು. ಎರಡೂ ಇರೋ ಒಂದೇ ಚಾಕು ಕೊಡೋಣ ಅಂತ ಸೈನ್ಯ ತೀರ್ಮಾನ ಮಾಡ್ತು. ಆದ್ರೆ ಮೊದಲ ಆರ್ಡರ್ ಹೋಗಿದ್ದು ಜರ್ಮನಿಯ ಜೋಲಿಂಗನ್ ನಗರಕ್ಕೆ! ನಮ್ಮ ಸೈನಿಕರ ಚಾಕು ನಮ್ಮಲ್ಲೇ ಆಗ್ಬೇಕು ಅಂತ ಎಲ್ಸೆನರ್ ಬೇರೆ ಚಾಕು ತಯಾರಕರನ್ನ ಒಟ್ಟು ಸೇರಿಸಿ, 1891ರಲ್ಲಿ ಸೈನ್ಯಕ್ಕೆ ಚಾಕು ಕೊಟ್ಟೇ ಬಿಟ್ಟ.

ಗೆದ್ದ ಅನ್ಕೊಂಡ್ರಾ? ಇಲ್ಲ. ಜೋಲಿಂಗನ್‌ನ ದೊಡ್ಡ ಫ್ಯಾಕ್ಟರಿಗಳು ಅದೇ ಚಾಕುವನ್ನ ಕಡಿಮೆ ಬೆಲೆಗೆ ಮಾಡ್ತಿದ್ವು. ಜೊತೆಗಿದ್ದವರು ಕೈಬಿಟ್ರು. ಎಲ್ಸೆನರ್ ಸಾಲದಲ್ಲಿ ಮುಳುಗಿದ, ಬಂಧುಗಳ ನೆರವಿಂದ ಉಳ್ಕೊಂಡ. ಬಿ.ಕಾಂ. ಓದಿದವನಾಗಿ ಹೇಳ್ತೀನಿ, ಆರ್ಡರ್ ಸಿಕ್ಕಿದ್ದೆಲ್ಲ ಲಾಭ ಅಲ್ಲ.

ಆದ್ರೆ ಅವನು ನಿಲ್ಲಿಸ್ಲಿಲ್ಲ. ಹಿಡಿಯೊಳಗಿನ ಒಂದೇ ಸ್ಪ್ರಿಂಗ್ ಎರಡೂ ಬದಿಯ ಸಲಕರಣೆಗಳನ್ನ ಹಿಡಿದಿಡೋ ಹಾಗೆ ಮಾಡ್ದ. ಹಾಗಾಗಿ ಚಾಕು ದಪ್ಪ ಆಗದೆ ಇನ್ನೊಂದು ಸಣ್ಣ ಅಲಗು, ಬಾಟಲಿಯ ಬಿರಡೆ ತೆಗೆಯೋ ಸುರುಳಿ ಎರಡೂ ಸೇರಿದ್ವು. 1897ರ ಜೂನ್ 12ರಂದು ಈ ‘ಆಫೀಸರ್ಸ್ ನೈಫ್’ ನೋಂದಣಿ ಆಯ್ತು. ತಮಾಷೆ ಗೊತ್ತಾ? ಸೈನ್ಯ ಇದನ್ನ ಕೊಳ್ಳಲೇ ಇಲ್ಲ! ಅಧಿಕಾರಿಗಳು ಸ್ವಂತ ದುಡ್ಡಲ್ಲಿ ತಗೊಂಡ್ರು, ಆಮೇಲೆ ಸಾಮಾನ್ಯ ಜನ. ಸಾಲ ತೀರಿಸಿದ್ದು ಈ ದಿನಬಳಕೆಯ ಚಾಕು.

1909ರಲ್ಲಿ ಅವನ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಬ್ರ್ಯಾಂಡಿಗೆ ಅಮ್ಮನ ಹೆಸರೇ ಇಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕು ಬಂತು, ಫ್ರೆಂಚ್‌ನಲ್ಲಿ ಅದಕ್ಕೆ ‘ಇನಾಕ್ಸ್’. ಎರಡೂ ಸೇರಿ ವಿಕ್ಟೋರಿನಾಕ್ಸ್.

ಇನ್ನೊಂದು ಪೆಟ್ಟು ಬಿದ್ದಿದ್ದು 2001ರಲ್ಲಿ. ಸೆಪ್ಟೆಂಬರ್ 11ರ ದಾಳಿ ಆದ್ಮೇಲೆ ವಿಮಾನದೊಳಗೆ ಚಾಕು ಬಂದ್. ಏರ್‌ಪೋರ್ಟ್ ಅಂಗಡಿಗಳ ವ್ಯಾಪಾರ ಕುಸಿದುಬಿತ್ತು. ಆಗಲೂ ಕಂಪನಿ ಯಾರನ್ನೂ ಮನೆಗೆ ಕಳಿಸ್ಲಿಲ್ಲ. ಓವರ್‌ಟೈಮ್ ನಿಲ್ಲಿಸ್ತು, ಕೆಲವರನ್ನ ಸುತ್ತಮುತ್ತಲ ಕಂಪನಿಗಳಿಗೆ ಸ್ವಲ್ಪ ಕಾಲ ಎರವಲು ಕೊಡ್ತು.

ಕೆಲಸಕ್ಕೆ ಅಂತ ಊರು ಬಿಟ್ಟು ಬೆಂಗಳೂರಿಗೆ ಬಂದ ನನಗೆ ಈ ಕಥೆಯಲ್ಲಿ ಹಿಡಿಸೋದು ಇದೇ. ಫ್ಯಾಕ್ಟರಿ ಇವತ್ತಿಗೂ ಇಬಾಖ್‌ನಲ್ಲೇ ಇದೆ. ಊರಲ್ಲೇ ಕೆಲಸ ಇರ್ಲಿ ಅಂತ ಶುರುವಾದದ್ದು, ಕಷ್ಟ ಬಂದಾಗಲೂ ಆ ಮಾತು ಮರೀಲಿಲ್ಲ.

ನಿಮ್ಮ ಜೇಬಲ್ಲೂ ಇಂಥ ಚಾಕು ಇದ್ಯಾ? ಫ್ಲೈಟ್ ಹತ್ತೋ ಮುಂಚೆ ಚೆಕ್-ಇನ್ ಬ್ಯಾಗಿಗೆ ಹಾಕೋದು ಮರೀಬೇಡಿ, ನಾನು ಒಂದನ್ನ ಹಾಗೇ ಕಳ್ಕೊಂಡಿದ್ದೀನಿ. ಮುಂದಿನ ಎಪಿಸೋಡಲ್ಲಿ ಸಿಗೋಣ!