ಮಂಡಲದಿಂದ ಗ್ರಾಮ ಪಂಚಾಯಿತಿಗೆ

ನಮ್ಮ ಪಂಚಾಯಿತಿಯ ಹೊಸ ಕಟ್ಟಡದ ನೆನಪಿಗೆ ಈ ಸಂಚಿಕೆ ಬರುತ್ತಿದೆ. ಕಟ್ಟಡಕ್ಕಿಂತ ಏರುಪೇರಿನದ್ದು ಅದರೊಳಗೆ ಕೂರುವ ಅಧಿಕಾರದ ಚರಿತ್ರೆ.

ರಾಜ್ಯದ 1959ರ ಪಂಚಾಯಿತಿ ಕಾಯ್ದೆಯಡಿ ಗ್ರಾಮ ಪಂಚಾಯಿತಿಯೂ ತಾಲ್ಲೂಕು ಬೋರ್ಡೂ ಇದ್ದವು. ಜಿಲ್ಲಾ ಮಟ್ಟದಲ್ಲಿ ಮಾತ್ರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಒಂದು ಸಲಹಾ ಪರಿಷತ್ತು. ಬೀದಿದೀಪ, ಚರಂಡಿಗಳಾಚೆಗೆ ಹಳ್ಳಿಯ ಮಾತು ನಡೆಯುತ್ತಿದ್ದುದು ಅಪರೂಪ.

ಇದನ್ನು ಬುಡಮೇಲು ಮಾಡಿದ್ದು ರಾಮಕೃಷ್ಣ ಹೆಗಡೆ ಸರ್ಕಾರದ 1983ರ ಕಾಯ್ದೆ. ಅದರ ಜೀವಾಳ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡ ಮಂತ್ರಿ, ಅಧಿಕಾರವನ್ನೂ ಹಾಗೆಯೇ ಹಳ್ಳಿಗೆ ಹರಿಸಲು ಹೊರಟರು. ರಾಷ್ಟ್ರಪತಿಯ ಅಂಕಿತ ಸಿಗಲು 1985 ಆಯಿತು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ನಾಲ್ಕನೇ ಒಂದು ಭಾಗದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು; ಸಂವಿಧಾನ ಅದನ್ನು ಕಡ್ಡಾಯ ಮಾಡುವುದಕ್ಕೆ ಎಷ್ಟೋ ಮೊದಲು! ಹಲವು ಹಳ್ಳಿಗಳನ್ನು ಒಗ್ಗೂಡಿಸಿದ ಮಂಡಲ ಪಂಚಾಯಿತಿಗೆ ಮುಖ್ಯಸ್ಥರಾಗಿ ಪ್ರಧಾನರು ಬಂದರು. ಹೊಸ ಚುನಾಯಿತ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಶಾಲೆ, ಆಸ್ಪತ್ರೆ, ಪಶುವೈದ್ಯ ಇಲಾಖೆಗಳು ನೌಕರರ ಸಮೇತ ಪರಿಷತ್ತಿನ ಅಧೀನಕ್ಕೆ ಬಂದವು. ಮೇಷ್ಟ್ರು, ಡಾಕ್ಟರು ಹೊತ್ತಿಗೆ ಸರಿಯಾಗಿ ಬರತೊಡಗಿದ್ದನ್ನು ಈ ವ್ಯವಸ್ಥೆಯನ್ನು ಪರಿಶೀಲಿಸಿದ ಕೆ.ಎಸ್. ಕೃಷ್ಣಸ್ವಾಮಿ ಸಮಿತಿಯೂ ಗುರುತಿಸಿತು. ಕೇಳುವವರು ಅದೇ ಊರಿನಲ್ಲಿದ್ದರಲ್ಲ!

ಶಾಸಕರಿಗೆ ಇದು ಹಿಡಿಸಲಿಲ್ಲ. ವರ್ಗಾವಣೆ, ಕಾಮಗಾರಿಗಳ ಮೇಲಿನ ಹಿಡಿತ ಯಾರಿಗೆ ತಾನೇ ಬೇಡ? 1988ರಲ್ಲಿ ನಜೀರ್ ಸಾಬ್ ತೀರಿಕೊಂಡರು, ಮರುವರ್ಷ ಸರ್ಕಾರ ಬದಲಾಯಿತು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದು ಕೂತರು. ಐದು ವರ್ಷ ಕಟ್ಟಿದ್ದು ಒಂದು ಆದೇಶದಲ್ಲಿ ಖಾಲಿಯಾಯಿತು.

ಸಂವಿಧಾನದ 73ನೇ ತಿದ್ದುಪಡಿಯ ಬೆನ್ನಿಗೇ ಬಂದ 1993ರ ಕಾಯ್ದೆ ಮಂಡಲಗಳನ್ನು ಒಡೆದು ಸಣ್ಣ ಗ್ರಾಮ ಪಂಚಾಯಿತಿಗಳನ್ನು ಮಾಡಿತು, ತಾಲ್ಲೂಕು ಪಂಚಾಯಿತಿಗೂ ನೇರ ಚುನಾವಣೆ ತಂದಿತು. ಪಂಚಾಯಿತಿ ಮನೆಗೆ ಹತ್ತಿರವಾಯಿತು, ನಿಜ. ಆದರೆ ಜಿಲ್ಲಾ ಮಟ್ಟದ ಹಳೆಯ ಗತ್ತು ಮರಳಲಿಲ್ಲ. ಪರಿಷತ್ತು ಹೋಗಿ ಪಂಚಾಯಿತಿ ಬಂತು, ಮುಖ್ಯ ಕಾರ್ಯದರ್ಶಿ ಹೋಗಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಬಂದರು, ಸರ್ಕಾರದ ಹಿಡಿತ ಬಿಗಿಯಾಯಿತು. ಮುಂದೆ ಮಹಿಳಾ ಮೀಸಲಾತಿ ಅರ್ಧಕ್ಕೇರಿದ್ದು ಈ ಅವಧಿಯ ದೊಡ್ಡ ಗಳಿಕೆ ಎಂದೇ ನಾನು ಎಣಿಸುತ್ತೇನೆ.

ಗ್ರಾಮ ಪಂಚಾಯಿತಿಗೆ ಆಗಾಗ ತಡವಾದರೂ ಚುನಾವಣೆ ನಡೆಯಿತು. 2020ರ ಡಿಸೆಂಬರಿನಲ್ಲಿ, ಕೋವಿಡ್ ನಡುವೆಯೂ ನಡೆಯಿತು. ಮೇಲಿನ ಎರಡು ಹಂತಗಳಿಗೆ ಆಗ ಆ ಭಾಗ್ಯ ಸಿಗಲಿಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ವರ್ಷಗಳೇ ಉರುಳಿದವು. ಗ್ರಾಮಸಭೆಯಲ್ಲಿ ಕೂತು ನಾವು ಆರಿಸಿದ ಉದ್ಯೋಗ ಖಾತರಿ ಕಾಮಗಾರಿಗಳ ಪಟ್ಟಿ ಆ ಎರಡು ಪಂಚಾಯಿತಿಗಳಿಗೆ ಹೋದಾಗ, ಅದನ್ನು ಓದಿ ಅನುಮೋದಿಸಲು ನಮ್ಮ ಮತದಿಂದ ಗೆದ್ದ ಸದಸ್ಯರೊಬ್ಬರೂ ಅಲ್ಲಿರಲಿಲ್ಲ.